ಅಪಘಾತ ನಕ್ಷೆಯ ಖಾಲಿ ಪಟ್ಟೆ ಕೊನೆಗೂ ಮುಚ್ಚಿತು

ಪಟ್ಟೆ ಮುಚ್ಚಿತು! ದಾಖಲಾದ ಪ್ರತಿ ಅಪಘಾತಕ್ಕೂ ಒಂದು ಚುಕ್ಕೆ ಇಟ್ಟ ಊರಿನ ನಕ್ಷೆಯ ನಡುವೆ ಪೂರ್ವ-ಪಶ್ಚಿಮವಾಗಿ ಹಾದಿದ್ದ, ಬೆರಳೆಣಿಕೆಯ ಚುಕ್ಕೆ ಬಿಟ್ಟರೆ ಬೋಳಾಗಿದ್ದ, 740 ಮೀಟರ್ ಅಗಲದ ಜಾಗ ಈಗ ಇಲ್ಲ. ಅದು ಹೋದದ್ದೇ ತಡ, ಇಷ್ಟು ದಿನ ಎಲ್ಲಕ್ಕಿಂತ ಕೆಂಪಗೆ ಉರಿಯುತ್ತಿದ್ದ ನೇರ ರಸ್ತೆಯ ತುಣುಕೂ ತಣ್ಣಗಾಯಿತು. ಅಲ್ಲಿ ಬಿದ್ದಿದ್ದ ಚುಕ್ಕೆಗಳು ಅರ್ಧ ಕಿಲೋಮೀಟರ್ ಆಚೆ, ಮುಖ್ಯರಸ್ತೆಗೆ ಅಡ್ಡರಸ್ತೆ ಬಂದು ಸೇರುವ ಬಾಯಿಗೆ ಹೋಗಿ ಕೂತಿವೆ. ರಸ್ತೆ ಉಬ್ಬು ಹಾಕಬೇಕಾದ ಜಾಗವೇ ಬದಲಾಯಿತು ಎಂದರೆ, ಸ್ಥಳದ ಅಂಕಿಗಳನ್ನು ಓದುವಲ್ಲಿ ಆಗಿದ್ದ ಈ ತಪ್ಪಿನ ತೂಕ ಗೊತ್ತಾಗುತ್ತದೆ.

ದಾಖಲೆ ಸಂಗ್ರಹಿಸುವುದು, ಅದನ್ನು ಸರಳ ಕೋಷ್ಟಕದ ಕಡತವಾಗಿ, ಅಂದರೆ ಸಿಎಸ್‌ವಿ ಮಾಡುವುದು, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ರಸ್ತೆ ಎಳೆಯುವುದು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹೀಟ್‌ಮ್ಯಾಪ್ (ಚುಕ್ಕೆ ದಟ್ಟವಾದಷ್ಟೂ ಕೆಂಪಾಗುವ ಬಣ್ಣ) ಹಚ್ಚುವುದು, ಇವೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತಿರುವುದೇ. ಈ ಸಲ ಪೂರ್ತಿ ಆ ಪಟ್ಟೆಯ ಬಗ್ಗೆಯೇ.

ಮೊದಲ ಅನುಮಾನ ಹೋದದ್ದು ಹೀಟ್‌ಮ್ಯಾಪ್‌ನ ತ್ರಿಜ್ಯದ ಮೇಲೆ, ಅಂದರೆ ಪ್ರತಿ ಚುಕ್ಕೆಯ ಬಣ್ಣ ಎಷ್ಟು ದೂರ ಹರಡಬೇಕು ಎಂಬ ಅಳತೆಯ ಮೇಲೆ. 500 ಮೀಟರ್ ಇಟ್ಟರೆ ಸಣ್ಣ ಊರಿನ ನಡುಭಾಗವೆಲ್ಲ ಒಂದೇ ಕೆಂಪು ಮುದ್ದೆ. 50ರಿಂದ 100 ಮೀಟರಿಗೆ ಇಳಿಸಿದರೆ ಮಾತ್ರ ಒಂದು ಕೂಡುರಸ್ತೆ ಇನ್ನೊಂದರಿಂದ ಬೇರೆಯಾಗಿ ಕಾಣುತ್ತದೆ. ಇಳಿಸಿದ್ದಾಯಿತು. ಪಟ್ಟೆ ಮಾತ್ರ ಇನ್ನೂ ಸ್ಪಷ್ಟವಾಯಿತು. ಎರಡನೆಯ ಅನುಮಾನ, ಆ ಭಾಗದ ಅಪಘಾತಗಳು ದಾಖಲೆಗೇ ಬರುತ್ತಿಲ್ಲವೇನೋ ಎಂದು. ಗಾಯವಿಲ್ಲದ ಸಣ್ಣ ಡಿಕ್ಕಿಗಳು ಎಲ್ಲ ಕಡೆಯೂ ದಾಖಲೆಯಿಂದ ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ಗಂಭೀರ ಗಾಯದ ಪ್ರಕರಣಗಳನ್ನು ಮಾತ್ರ ಇಟ್ಟು ನೋಡಿದಾಗಲೂ ಪಟ್ಟೆ ಅಲ್ಲೇ ಇತ್ತು. ವರದಿಯ ಕೊರತೆಯಿಂದ ಆದ ಖಾಲಿ ಜಾಗಕ್ಕೆ ಗೆರೆ ಎಳೆದಂಥ ನೇರ ಅಂಚು ಇರುವುದಿಲ್ಲ. ಇದಕ್ಕೆ ಇತ್ತು.

ಬೀಗ ತೆರೆದದ್ದು ಎರಡನೆಯ ಪಟ್ಟೆ. ಊರಿನ ಉತ್ತರದ ಅಂಚಿನಲ್ಲಿ ಇನ್ನೊಂದು ಬೋಳು ಪಟ್ಟೆ ಇತ್ತು. ಅತ್ತ ರಸ್ತೆಗಳೇ ಕಡಿಮೆ ಎಂದು ಕಣ್ಣು ಅದನ್ನು ದಾಟಿ ಹೋಗುತ್ತಿತ್ತು. ಒಂದರ ಕೆಳಗಂಚಿನಿಂದ ಇನ್ನೊಂದರ ಕೆಳಗಂಚಿಗೆ ಅಳತೆ ಹಿಡಿದರೆ 1.85 ಕಿಲೋಮೀಟರ್. ಅಕ್ಷಾಂಶದ ಒಂದು ನಿಮಿಷ (ಡಿಗ್ರಿಯ ಅರವತ್ತನೇ ಒಂದು ಭಾಗ) ಎಂದರೆ ಸರಿಸುಮಾರು ಒಂದು ನಾಟಿಕಲ್ ಮೈಲಿ, 1852 ಮೀಟರ್. ರಸ್ತೆಗೂ ಊರಿಗೂ ಸಂಬಂಧವಿಲ್ಲದ, ಬರೀ ಭೂಗೋಳದ ಅಳತೆಯೊಂದು ಅಪಘಾತದ ನಕ್ಷೆಯಲ್ಲಿ ಬಂದು ಕೂತಿದೆ ಎಂದರೆ ದೋಷ ರಸ್ತೆಯದಲ್ಲ, ಅಂಕಿಗಳದು.

ಆಗಿದ್ದು ಇಷ್ಟು. ಸ್ಥಳವನ್ನು 14 ಡಿಗ್ರಿ 27.45 ಎಂಬಂತೆ ಬರೆದಿರುತ್ತಾರೆ. ಇದನ್ನು 27.45 ನಿಮಿಷ ಎಂದೂ ಓದಬಹುದು, 27 ನಿಮಿಷ 45 ಸೆಕೆಂಡು ಎಂದೂ ಓದಬಹುದು. ಮೊದಲನೆಯದು 14.4575 ಡಿಗ್ರಿ, ಎರಡನೆಯದು 14.4625. ನಡುವಿನ ಅಂತರ 556 ಮೀಟರ್. ಈ ಗೊಂದಲ ಸುಮ್ಮನೆ ಹುಟ್ಟಿದ್ದಲ್ಲ. ಜಿಪಿಎಸ್ ಮಾಡ್ಯೂಲುಗಳು ಕಳಿಸುವ ಎನ್‌ಎಂಇಎ ಎಂಬ ಪ್ರಮಾಣಿತ ರೂಪದ ಸಾಲಿನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷ ಅಂಟಿಕೊಂಡೇ ಇರುತ್ತವೆ, 1427.4500 ಎಂಬಂತೆ. ಕೈಯಲ್ಲಿ ಹಿಡಿಯುವ ಉಪಕರಣಗಳ ಪರದೆಯಲ್ಲಿ ಮೂರು ರೂಪಗಳ (ದಶಮಾಂಶ ಡಿಗ್ರಿ, ದಶಮಾಂಶ ನಿಮಿಷ, ನಿಮಿಷ-ಸೆಕೆಂಡು) ಪೈಕಿ ಯಾವುದನ್ನು ಬೇಕಾದರೂ ಆರಿಸಬಹುದು. ನೋಡಿ ಬರೆದುಕೊಳ್ಳುವವರು ಡಿಗ್ರಿ, ನಿಮಿಷ, ಸೆಕೆಂಡಿನ ಗುರುತುಗಳನ್ನು ಬಿಟ್ಟು ಚುಕ್ಕಿ ಮಾತ್ರ ಇಟ್ಟರೆ ಕಥೆ ಮುಗಿಯಿತು.

ಡಿಗ್ರಿಯನ್ನೇ ತಪ್ಪಾಗಿ ಓದಿದ್ದರೆ, ಅಂದರೆ 14 ಡಿಗ್ರಿ 27 ನಿಮಿಷವನ್ನು 14.27 ಡಿಗ್ರಿ ಎಂದುಕೊಂಡಿದ್ದರೆ, ಚುಕ್ಕೆ 20 ಕಿಲೋಮೀಟರ್ ದೂರ ಬೀಳುತ್ತದೆ, ಕೂಡಲೇ ಸಿಕ್ಕಿಬೀಳುತ್ತದೆ. ಸೆಕೆಂಡನ್ನು ದಶಮಾಂಶ ನಿಮಿಷ ಎಂದು ಓದಿದ ತಪ್ಪು ಹಾಗಲ್ಲ. ಅದು ಊರೊಳಗೇ ಅವಿತುಕೊಳ್ಳುತ್ತದೆ. ಕೊನೆಯ ಎರಡಂಕಿಯ ಪ್ರತಿ ಒಂದಕ್ಕೆ 12.35 ಮೀಟರ್ ಜಾರಿಕೆ. 59 ಇದ್ದರೆ 728 ಮೀಟರ್. ಜಾರುವುದು ಯಾವಾಗಲೂ ಸಮಭಾಜಕವೃತ್ತದ ಕಡೆಗೆ ಮತ್ತು ಶೂನ್ಯ ರೇಖಾಂಶದ ಕಡೆಗೆ. ಪ್ರತಿ ಚುಕ್ಕೆಗೂ ಜಾರಿಕೆ ಬೇರೆ ಬೇರೆ, ಹಾಗಾಗಿ ಚುಕ್ಕೆಗಳ ಇಡೀ ಲೇಯರನ್ನು (ಪದರವನ್ನು) ಒಂದಿಷ್ಟು ಸರಿಸಿ ಕೂರಿಸಲು ಹೋಗಬೇಡಿ. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ.

ಪಟ್ಟೆ ಯಾಕೆ ಬಂತು ಎನ್ನುವುದೂ ಇದರಲ್ಲೇ ಇದೆ. ಸೆಕೆಂಡು 59 ದಾಟುವುದಿಲ್ಲ. ಅದನ್ನು ದಶಮಾಂಶ ಎಂದು ಓದಿದರೆ ಪ್ರತಿ ನಿಮಿಷದ 0.60ರಿಂದ 0.99ರವರೆಗಿನ ಭಾಗಕ್ಕೆ ಚುಕ್ಕೆ ಬೀಳುವುದೇ ಇಲ್ಲ. 1852 ಮೀಟರಿನಲ್ಲಿ 1111 ಮೀಟರ್ ತುಂಬಿರುತ್ತದೆ, 741 ಖಾಲಿ. ರೇಖಾಂಶದಲ್ಲೂ ಇದೇ ಲೆಕ್ಕ, ಅಗಲ ಮಾತ್ರ ಅಕ್ಷಾಂಶದ ಕೊಸೈನ್‌ನಷ್ಟು ಕುಗ್ಗುತ್ತದೆ. ಇನ್ನೂ ಕೆಟ್ಟದ್ದು ಉಳಿದ ಭಾಗದ ಒತ್ತಡ. ಒಂದು ನಿಮಿಷ ಉದ್ದ, ಒಂದು ನಿಮಿಷ ಅಗಲದ ಇಡೀ ಚೌಕದ ಅಪಘಾತಗಳು ಅದರ 36 ಶೇಕಡ ಜಾಗಕ್ಕೆ ತುರುಕಿಕೊಳ್ಳುವುದರಿಂದ ಸಾಂದ್ರತೆ ಸರಾಸರಿ 2.8 ಪಟ್ಟು ಏರುತ್ತದೆ. ಆ ಕೆಂಪು ತುಣುಕು ಹುಟ್ಟಿದ್ದು ಹೀಗೆ.

ಈಗ ಪರೀಕ್ಷೆಯ ವಿಧಾನ. ಎಲ್ಲ ಚುಕ್ಕೆಗಳನ್ನೂ ಒಂದೇ ಚೌಕದ ಮೇಲೆ ಮಡಚಿ: ಅಕ್ಷಾಂಶದಲ್ಲೂ ರೇಖಾಂಶದಲ್ಲೂ ಪೂರ್ಣ ನಿಮಿಷಗಳನ್ನು ಕಿತ್ತುಹಾಕಿ, ಉಳಿದ ಭಾಗವನ್ನಷ್ಟೇ 0ರಿಂದ 1ರ ಚೌಕದಲ್ಲಿ ಹಾಕಿ. ನಿಜವಾದ ದಶಮಾಂಶ ನಿಮಿಷವಾದರೆ ಚೌಕದ ಎಲ್ಲ ಕಡೆ ಚುಕ್ಕೆ ಇರುತ್ತದೆ. ಸೆಕೆಂಡುಗಳಾದರೆ 0.6ರ ಒಳಗೆ ಮಾತ್ರ. ಎರಡೂ ಬೆರೆತಿದ್ದರೆ ಕೆಳಗಿನ ಎಡ ಮೂಲೆ ದಟ್ಟ, ಉಳಿದದ್ದು ತೆಳು. ಇಲ್ಲಿ ಬಂದದ್ದು ಈ ಮೂರನೆಯ ಚಿತ್ರ. ಎಲ್ಲವನ್ನೂ ಒಮ್ಮೆಲೇ ಪರಿವರ್ತಿಸಿದ್ದರೆ ಸರಿಯಿದ್ದವೂ ಹಾಳಾಗುತ್ತಿದ್ದವು. ಸೆಕೆಂಡಿನ ಜಾಗದಲ್ಲಿ 75 ಬಂದರೆ ಕೆಲವು ತಂತ್ರಾಂಶಗಳು ದೋಷ ತೋರಿಸಿ ನಿಲ್ಲುತ್ತವೆ. ಕೆಲವು ಸದ್ದಿಲ್ಲದೆ ಮುಂದಿನ ನಿಮಿಷಕ್ಕೆ ಉರುಳಿಸಿಬಿಡುತ್ತವೆ. ಎರಡನೆಯ ಜಾತಿಯದು ಅಪಾಯ.

ಆದ್ದರಿಂದ ಕಡತವನ್ನು ದಾಖಲಿಸಿದ ಉಪಕರಣದ ಪ್ರಕಾರ ಒಡೆಯಬೇಕು. ಉಪಕರಣದ ಸಂಖ್ಯೆ ಇಲ್ಲದಿದ್ದರೆ ಕೈಬರಹ, ತಿಂಗಳು, ಪುಸ್ತಕ, ಯಾವುದಾದರೂ ಸರಿ. ಒಂದು ಗುಂಪಿನಲ್ಲಿ ಕೊನೆಯ ಎರಡಂಕಿ ಒಮ್ಮೆಯಾದರೂ 60 ಮುಟ್ಟಿದ್ದರೆ ಅದರಲ್ಲಿ ದಶಮಾಂಶ ನಿಮಿಷವಿದೆ ಎಂದಾಯಿತು. ಒಮ್ಮೆಯೂ ಮುಟ್ಟಿಲ್ಲವಾದರೆ? ದಶಮಾಂಶವಾಗಿದ್ದೂ ಅಕ್ಷಾಂಶ, ರೇಖಾಂಶ ಎರಡರ ಕೊನೆಯ ಎರಡಂಕಿಯೂ 60ರೊಳಗೇ ಬರುವ ಸಾಧ್ಯತೆ ಒಂದು ಚುಕ್ಕೆಗೆ 0.36. ಐದು ಚುಕ್ಕೆಗೆ 0.36ರ ಐದನೇ ಘಾತ, 0.006. ಐದೇ ದಾಖಲೆ ಇಷ್ಟು ಗಟ್ಟಿ ಉತ್ತರ ಕೊಡುತ್ತವೆ ಎನ್ನುವುದು ನಿಜಕ್ಕೂ ಸಂತೋಷದ ವಿಷಯ. ಒಂದೇ ಷರತ್ತು, ಐದೂ ಬೇರೆ ಬೇರೆ ಜಾಗದವಾಗಿರಬೇಕು. ಒಂದೇ ಕೂಡುರಸ್ತೆಯ ಐದು ಅಪಘಾತ ಈ ಲೆಕ್ಕದಲ್ಲಿ ಒಂದೇ. ಮತ್ತೆ, ಉಪಕರಣ ಒಂದೇ ಆದರೂ ತಾರೀಖಿನ ಪ್ರಕಾರ ಇನ್ನೊಮ್ಮೆ ಒಡೆದು ನೋಡಿ. ಬ್ಯಾಟರಿ ಬದಲಿಸಿದ ಕೂಡಲೇ ಹಳೆಯ ಸೆಟ್ಟಿಂಗಿಗೆ ವಾಪಸ್ ಹೋಗುವ ಉಪಕರಣಗಳನ್ನು ಮಾರುವವರು ಆ ವಿಷಯವನ್ನು ಕೈಪಿಡಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಬೇಕು. ಹಾಕುವುದಿಲ್ಲ. ತಿಂಗಳ ನಡುವೆ ರೂಪ ಬದಲಾದ ಗುಂಪು ಇಲ್ಲಿ ಸಿಕ್ಕಿದ್ದು ಹಾಗೆಯೇ.

ಇಷ್ಟಾದ ಮೇಲೂ ಒಂದು ಹಿಡಿ ಚುಕ್ಕೆಗಳು ಹೊಲದಲ್ಲೂ ಮನೆಗಳ ಮೇಲೂ ಉಳಿದವು. ಅವುಗಳಲ್ಲಿ ಹೆಚ್ಚಿನವು ಒಂದಂಕಿಯಲ್ಲಿ ಮುಗಿಯುವಂಥವು. 27.5 ಎಂದಿದ್ದರೆ 27 ನಿಮಿಷ 50 ಸೆಕೆಂಡೋ, 27 ನಿಮಿಷ 5 ಸೆಕೆಂಡೋ? 50 ಎಂದು ಬರೆದದ್ದನ್ನು ಸ್ಪ್ರೆಡ್‌ಶೀಟ್ ಸಂಖ್ಯೆ ಎಂದು ಓದಿ ಕೊನೆಯ ಸೊನ್ನೆಯನ್ನು ನುಂಗುತ್ತದೆ. 05 ಎಂದು ಬರೆಯಬೇಕಾದಲ್ಲಿ ಕೆಲವರು ಬರೀ 5 ಬರೆಯುತ್ತಾರೆ. ಎರಡೂ ಒಂದೇ ಥರ ಕಾಣುತ್ತವೆ, ಅಂತರ ಮಾತ್ರ 45 ಸೆಕೆಂಡು, 1389 ಮೀಟರ್. ಪರಿಹಾರದ ಮೊದಲ ಹೆಜ್ಜೆ ಸುಲಭ: ಮೂಲ ಕಡತವನ್ನು ಮತ್ತೆ ತೆರೆಯುವಾಗ ಆ ಕಾಲಮ್ಮುಗಳನ್ನು ಪಠ್ಯ ಎಂದು ಆಮದು ಮಾಡಿ. ನುಂಗಿದ ಸೊನ್ನೆಗಳಲ್ಲಿ ಬಹುಪಾಲು ವಾಪಸ್ ಬರುತ್ತವೆ. ಅದೇ ಬರಹಗಾರರ ಪಟ್ಟಿಯಲ್ಲಿ 05, 07 ಥರದ ಅಂಕಿಗಳಿದ್ದರೆ ಅವರು ಮುಂದಿನ ಸೊನ್ನೆ ಬರೆಯುವವರು, ಅಲ್ಲಿಗೆ 5 ಎಂದರೆ 50 ಎಂದೇ ಹಿಡಿಯಬಹುದು. ಹಾಗೂ ಉಳಿದವಕ್ಕೆ ಎಲ್ಲ ಸಾಧ್ಯತೆಗಳನ್ನೂ ನಕ್ಷೆಯಲ್ಲಿ ಹಾಕಿ (ಎರಡು ಕಡೆಯೂ ಒಂದಂಕಿ ಇದ್ದರೆ ನಾಲ್ಕು), ರಸ್ತೆಯಿಂದ 20 ಮೀಟರ್ ಒಳಗಿರುವವನ್ನು ಮಾತ್ರ ಇಟ್ಟುಕೊಂಡು, ವಿವರಣೆಯ ಸಾಲು ಓದಿ. ‘ಮೋರಿಯ ಹತ್ತಿರ’, ‘ಸೇತುವೆ ಇಳಿದ ಮೇಲೆ’ ಎಂಬಂಥ ಎರಡು ಮೂರು ಪದ ಆರು ದಶಮಾಂಶ ಸ್ಥಾನಗಳಿಗಿಂತ ಬೆಲೆಯುಳ್ಳವು. ವಿವರಣೆಯ ಕಾಲಮ್ಮನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಇನ್ನೊಂದು ಸುಳ್ಳು ಗುಡ್ಡೆ ಊರಿನ ನಟ್ಟನಡುವೆ ಇತ್ತು. ವಿಳಾಸ ಸಿಗದಿದ್ದಾಗ ಜಿಯೋಕೋಡರ್ (ವಿಳಾಸವನ್ನು ಅಕ್ಷಾಂಶ-ರೇಖಾಂಶವಾಗಿಸುವ ತಂತ್ರಾಂಶ) ಊರಿನ ಕೇಂದ್ರಬಿಂದುವನ್ನು ಕೊಟ್ಟು ಸುಮ್ಮನಾಗುತ್ತದೆ. ವಿಳಾಸದಿಂದ ಹುಡುಕಿದ ದಾಖಲೆಗಳಲ್ಲಿ ಆರನೇ ದಶಮಾಂಶದವರೆಗೂ ಒಂದೇ ಆಗಿರುವ ಜೋಡಿಗಳನ್ನು ಎಣಿಸಿದರೆ ಕೈಗೆ ಸಿಗುತ್ತದೆ. ನಿಜವಾದ ಎರಡು ಅಪಘಾತ 10 ಸೆಂಟಿಮೀಟರ್ ಲೆಕ್ಕದಲ್ಲಿ ಒಂದೇ ಕಡೆ ಆಗುವುದಿಲ್ಲ.

ನಕ್ಷೆ ಸರಿಹೋದದ್ದರಿಂದ ಮುಂದಿನ ಕೆಲಸಕ್ಕೆ ಜಾಗ ಸಿಕ್ಕಿತು: ಆ ಅಡ್ಡರಸ್ತೆಯ ಬಾಯಿಯಲ್ಲಿ ವೇಗ ಅಳೆಯುವುದು. ಎಚ್‌ಬಿ100 ಡಾಪ್ಲರ್ ಮಾಡ್ಯೂಲ್ (ವಾಹನಕ್ಕೆ ತಾಗಿ ಮರಳುವ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ವೇಗ ಅಳೆಯುವ ಪುಟ್ಟ ರೇಡಾರ್), 10.525 ಗಿಗಾಹರ್ಟ್ಸ್, ಗಂಟೆಗೆ ಒಂದು ಕಿಲೋಮೀಟರಿಗೆ 19.5 ಹರ್ಟ್ಸ್, 60 ಕಿಲೋಮೀಟರಿಗೆ ಸುಮಾರು 1170. ಹೊರಬರುವ ಸಂಕೇತ ಮೈಕ್ರೋವೋಲ್ಟುಗಳಲ್ಲಿ, ಹಾಗಾಗಿ ಸಾವಿರ ಪಟ್ಟಿನ ಆಂಪ್ಲಿಫಯರ್ ಬೇಕೇ ಬೇಕು. ಚಿತ್ರದಲ್ಲಿ ಆಂಪ್ಲಿಫಯರ್ ಬೋರ್ಡ್ ತೋರಿಸಿ, ಡಬ್ಬಿಯಲ್ಲಿ ಬರೀ ಮಾಡ್ಯೂಲ್ ಇಟ್ಟು ಕಳಿಸುವ ಮಾರಾಟಗಾರರಿಂದ ಎರಡು ವಾರ ಹೋಯಿತು. ಬೋರ್ಡ್ ಬಂದ ಮೇಲೆ ಮೊದಲ ಪರೀಕ್ಷೆ 440 ಹರ್ಟ್ಸಿನ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್): ಮಿಡಿದು ಮುಂದೆ ಹಿಡಿದರೆ ಗಂಟೆಗೆ 22.6 ಕಿ.ಮೀ. ತೋರಿಸಬೇಕು. ಆದರೆ ಶ್ರುತಿಕವೆ ಪರೀಕ್ಷಿಸುವುದು ಎಣಿಕೆಯ ಸರಪಳಿಯನ್ನು ಮಾತ್ರ. ಮಾಡ್ಯೂಲಿನ ಮೂಲ ಆವರ್ತನ ಜಾರಿದ್ದರೆ ಅದಕ್ಕೆ ಗೊತ್ತಾಗದು. ಅದಕ್ಕೆ ಅಳೆದಿಟ್ಟ ದೂರದ ಮೇಲೆ ಗೊತ್ತಾದ ವೇಗದಲ್ಲಿ ವಾಹನ ಓಡಿಸಿಯೇ ನೋಡಬೇಕು. ರಸ್ತೆಗೆ 15 ಡಿಗ್ರಿ ಕೋನದಲ್ಲಿ ಇಟ್ಟರೆ ಓದು 3.4 ಶೇಕಡ ಕಡಿಮೆ, 30 ಡಿಗ್ರಿಯಲ್ಲಿ 13.4. ಮುಂದಿನ ವಾಹನದ ಹಿಂದೆ ಸಿಕ್ಕಿಕೊಳ್ಳದೆ ಬಿಡುವಾಗಿ ಓಡುವ ಕನಿಷ್ಠ 100 ವಾಹನ ಬೇಕು. ಅವುಗಳಿಂದ 85ನೇ ಶೇಕಡಾಂಕದ ವೇಗ (ನೂರರಲ್ಲಿ 85 ವಾಹನ ಮೀರದ ವೇಗ) ತೆಗೆಯುವುದು. ಒಣ ರಸ್ತೆ, ಒಂದೂವರೆ ಸೆಕೆಂಡಿನ ಪ್ರತಿಕ್ರಿಯೆ, ಘರ್ಷಣಾಂಕ 0.7 ಎಂದು ಹಿಡಿದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ವಾಹನ ನಿಲ್ಲಲು 35 ಮೀಟರ್, 70ರಲ್ಲಿ 57. ಮೂಲೆಯ ಗೋಡೆಯಿಂದಾಗಿ ಅಡ್ಡರಸ್ತೆಯವರಿಗೆ ಎಷ್ಟು ಮೀಟರ್ ಕಾಣುತ್ತದೆ ಎಂಬುದನ್ನು ಟೇಪಿನಲ್ಲಿ ಅಳೆದು ಇದರ ಪಕ್ಕಕ್ಕಿಟ್ಟರೆ, ಆ ಚುಕ್ಕೆಗಳಿಗೆ ಕಾರಣ ಕೋಷ್ಟಕದಲ್ಲೇ ಕಾಣಬಹುದು.

ಅದಕ್ಕೂ ಮೊದಲು ಅಪಘಾತಗಳ ಎಣಿಕೆಯನ್ನು ಪಳಗಿಸಬೇಕು. ಸಣ್ಣ ಊರಿನ ತೊಂದರೆ ಎಂದರೆ ಅಂಕಿಗಳು ಚಿಕ್ಕವು. 50 ಕೂಡುರಸ್ತೆಗಳಿಗೂ ವರ್ಷಕ್ಕೆ ಸರಾಸರಿ 2 ಅಪಘಾತವೇ ಎಂದುಕೊಳ್ಳಿ, ಎಲ್ಲವೂ ಸಮಾನ ಅಪಾಯದವು. ಆಗಲೂ ಪಾಯ್ಸಾನ್ ಲೆಕ್ಕದಲ್ಲಿ (ಅಪರೂಪದ ಘಟನೆಗಳು ಬರೀ ಆಕಸ್ಮಿಕವಾಗಿ ಹಂಚಿಹೋಗುವ ಲೆಕ್ಕ) ಸುಮಾರು ಏಳು ಕೂಡುರಸ್ತೆಗಳಲ್ಲಿ ತಲಾ ನಾಲ್ಕೋ ಅದಕ್ಕಿಂತ ಹೆಚ್ಚೋ ಅಪಘಾತ ಕಾಣಿಸುತ್ತವೆ. ಮುಂದಿನ ವರ್ಷ ಅವು ತಾವಾಗಿಯೇ ಇಳಿಯುತ್ತವೆ, ಉಬ್ಬು ಹಾಕಿದ್ದರೆ ಉಬ್ಬಿನಿಂದಲೇ ಇಳಿಯಿತು ಎಂದು ಎಲ್ಲರೂ ನಂಬುತ್ತಾರೆ. ಒಂದು ಜಾಗದ ಎಣಿಕೆಯನ್ನು ಅಂಥದ್ದೇ ಜಾಗಗಳ ಸರಾಸರಿಯ ಕಡೆಗೆ ಎಳೆಯುವ ಎಂಪಿರಿಕಲ್ ಬೇಯ್ಸ್ ವಿಧಾನ ಇಲ್ಲಿ ನೆರವಿಗೆ ಬರುತ್ತದೆ, ಕೈಲೆಕ್ಕದಲ್ಲೇ ಆಗುತ್ತದೆ. ಒಂದೇ ಬಗೆಯ ಕೂಡುರಸ್ತೆಗಳ ಐದು ವರ್ಷದ ಸರಾಸರಿ 3, ವೇರಿಯನ್ಸ್ (ಎಣಿಕೆಗಳು ಎಷ್ಟು ಚದುರಿವೆ ಎಂಬ ಅಳತೆ) 7.5 ಇದ್ದರೆ, ಸರಾಸರಿಗೆ ಕೊಡುವ ತೂಕ 3 ಭಾಗ 7.5, ಅಂದರೆ 0.4. ಉಳಿದ 0.6 ಅಲ್ಲಿ ಕಂಡ ಎಣಿಕೆಗೆ. 9 ಕಂಡ ಜಾಗದ ಅಂದಾಜು 6.6ಕ್ಕೆ ಇಳಿಯುತ್ತದೆ. ಸೊನ್ನೆ ಕಂಡ ಜಾಗದ್ದು 1.2. ಈ 1.2ರ ಮೇಲೆ ಕಣ್ಣಿಡುವವರು ಕಡಿಮೆ, ಇಡಬೇಕು.

ತಿದ್ದಿದ ಚುಕ್ಕೆಗಳಿಂದ ಈ ಕೋಷ್ಟಕವನ್ನು ಹೊಸದಾಗಿ ಕಟ್ಟುವ ಕೆಲಸ ಶುರುವಾಗಿದೆ. ಒಂದಂಕಿಯ ಗೊಂದಲ ಬಿಡದೆ ಉಳಿದ ದಾಖಲೆಗಳಿಗೆ ಬೇರೆ ಲೇಯರ್, ಬೂದು ಬಣ್ಣ, ಎಣಿಕೆಯಿಂದ ಹೊರಗೆ. ಅವುಗಳ ವಿವರಣೆಯಲ್ಲಿ ಮೂರು ಕಡೆ ‘ಎರಡನೇ ಮೋರಿ’ ಎಂದಿದೆ. ಆ ರಸ್ತೆಯ ಮೋರಿಗಳನ್ನು ಯಾವ ತುದಿಯಿಂದ ಎಣಿಸುತ್ತಾರೆ ಎಂದು ಮೊದಲು ತಿಳಿಯಬೇಕು.