ಮಾತಾಡದ ಹುಡುಗಿ ಕಂಡದ್ದು

ನರ್ಸಿಂಗ್ ವಿದ್ಯಾರ್ಥಿಗಳಿಗೆ ವಾರ್ಡ್‌ನಲ್ಲಿ ಕೆಲಸ ಕಲಿಸುವುದು ನನ್ನ ಕೆಲಸ. ಆ ಬ್ಯಾಚ್‌ನಲ್ಲಿ ಒಬ್ಬಳು ದೂರದಿಂದ ಬಂದವಳಿದ್ದಳು. ವಾರ್ಡ್‌ನಲ್ಲಿ ಆಡುವ ಭಾಷೆ ಅವಳಿಗೆ ಹೊಸದು. ರೌಂಡ್ಸ್‌ನಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ನನ್ನ ಸಹೋದ್ಯೋಗಿಯೊಬ್ಬರು ಅವಳ ಫಾರ್ಮ್‌ನಲ್ಲಿ ‘ಆಸಕ್ತಿ ಕಡಿಮೆ’ ಎಂದು ಆಗಲೇ ಬರೆದಾಗಿತ್ತು.

ಅವತ್ತು ಬೆಳಿಗ್ಗೆ ಹ್ಯಾಂಡೋವರ್ (ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು) ಮುಗಿದರೂ ಅವಳು ಆಪರೇಷನ್ ಆಗಿದ್ದ ಒಬ್ಬ ರೋಗಿಯ ಪಕ್ಕದಿಂದ ಕದಲಲಿಲ್ಲ. ಹತ್ತಿರ ಹೋದೆ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇ. 93 ತೋರಿಸುತ್ತಿತ್ತು. ಅವಳ ಕಣ್ಣು ಮಾತ್ರ ರೋಗಿಯ ಎದೆಯ ಮೇಲೆ, ಕೈಯಲ್ಲಿ ವಾಚು. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ ಚೀಟಿಯಲ್ಲಿ 28 ಅಂತ ಬರೆದಳು. ದೊಡ್ಡವರಿಗೆ 12ರಿಂದ 20 ಇದ್ದರೆ ಸರಿ. ಆಮೇಲೆ ರೋಗಿಯ ಕೆಳತುಟಿಯನ್ನು ಮೆಲ್ಲಗೆ ಹೊರಳಿಸಿ ನನಗೆ ತೋರಿಸಿದಳು. ಒಳಗೆ ಬೂದು ಬಣ್ಣ, ಆಮ್ಲಜನಕ ಕಡಿಮೆಯಾಗಿರುವ ಲಕ್ಷಣ.

“ನಮ್ಮಂಥ ಕಪ್ಪು ಬಣ್ಣದವರಿಗೆ ಇಲ್ಲಿ ನೋಡಬೇಕು ಮೇಡಂ,” ಎಂದಳು, ತಡವರಿಸುತ್ತಾ.

ಅವಳ ಮಾತು ನೂರಕ್ಕೆ ನೂರು ನಿಜ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಿಳಿ ಚರ್ಮವೇ ಜಾಸ್ತಿ. ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಆಕ್ಸಿಮೀಟರ್ 92ರಿಂದ 96 ತೋರಿಸುವಾಗಲೂ ರಕ್ತದಲ್ಲಿ ನಿಜವಾದ ಆಮ್ಲಜನಕ 88ಕ್ಕಿಂತ ಕಡಿಮೆ ಇರುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು 3 ಪಟ್ಟು ಜಾಸ್ತಿ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು.

“ಡಾಕ್ಟರ್‌ಗೆ ನೀನೇ ಹೇಳು, ನಾನು ಪಕ್ಕದಲ್ಲೇ ಇರ್ತೀನಿ,” ಎಂದೆ. ಅವಳ ಚೀಟಿಯ ಹಿಂದೆ ರೋಗಿಯ ಸ್ಥಿತಿಯನ್ನು ಕ್ರಮವಾಗಿ ತಿಳಿಸುವ ಎಸ್‌ಬಿಎಆರ್ ವಿಧಾನದ ನಾಲ್ಕು ಸಾಲು ಹಾಕಿಕೊಟ್ಟೆ: ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನಿಸುತ್ತದೆ, ಏನು ಮಾಡಬೇಕು. ಅವಳೇ ತುಂಬಿದಳು. ಫೋನ್‌ನಲ್ಲಿ ಮಾತಿನ ಮಧ್ಯೆ ಅಲ್ಲಲ್ಲಿ ತಡವರಿಸಿದಳು, ಆದರೆ ಒಂದು ಮಾಹಿತಿಯೂ ತಪ್ಪಲಿಲ್ಲ. ಡಾಕ್ಟರ್ ಬಂದು ಎಬಿಜಿಗೆ (ಅಪಧಮನಿಯ ರಕ್ತದಲ್ಲಿನ ಆಮ್ಲಜನಕ ನೋಡುವ ಪರೀಕ್ಷೆ) ರಕ್ತ ತೆಗೆದರು. ಆಮ್ಲಜನಕದ ಮಟ್ಟ ಆಕ್ಸಿಮೀಟರ್ ತೋರಿಸಿದ್ದಕ್ಕಿಂತ ಕೆಳಗಿತ್ತು. ಕೂಡಲೇ ಆಕ್ಸಿಜನ್ ಶುರುವಾಯಿತು.

ನನಗೆ ಆ ಫಾರ್ಮ್ ನೆನಪಾಗಿ ಸಂಕಟವಾಯಿತು. ಇಷ್ಟು ಗಮನವಿಟ್ಟು ನೋಡುವವಳಿಗೆ ಆಸಕ್ತಿ ಕಡಿಮೆಯೇ? ಮಧ್ಯಾಹ್ನ ಸಹೋದ್ಯೋಗಿಯ ಜೊತೆ ಕೂತು ಮಾತಾಡಿದೆ. ಅವರು ಕೇಳಿಸಿಕೊಂಡರು. “ಆದರೂ ಭಾಷೆ ಕಲಿಯಲೇಬೇಕು ಅಲ್ವಾ? ನೋವು ಎಲ್ಲಿ ಅಂತ ರೋಗಿ ಹೇಳಿದರೆ ಅರ್ಥ ಆಗಬೇಕಲ್ಲ?” ಎಂದರು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕಲಿಯಲು ಸಮಯ ಕೊಡಬೇಕಾದವರು ನಾವು. ಸುಮ್ನೆ ಅಂಕ ಕಳೆದರೆ ಯಾರಿಗೂ ಭಾಷೆ ಬರುವುದಿಲ್ಲ.

ಅವರು ‘ಆಸಕ್ತಿ ಕಡಿಮೆ’ಯನ್ನು ಹೊಡೆದುಹಾಕಿ, ‘ರೋಗಿಯನ್ನು ಚೆನ್ನಾಗಿ ಗಮನಿಸುತ್ತಾಳೆ, ಮಾತಾಡಲು ಅಭ್ಯಾಸ ಬೇಕು’ ಎಂದು ಬರೆದರು. ಮರುದಿನದಿಂದ ಹ್ಯಾಂಡೋವರ್‌ಗೆ ಮುಂಚೆ ಅವಳು ನನ್ನ ಮುಂದೆ ಒಂದು ಕೇಸ್ ಹೇಳಿ ಅಭ್ಯಾಸ ಮಾಡತೊಡಗಿದಳು. ವಾರದೊಳಗೆ ಇನ್ನಿಬ್ಬರು ವಿದ್ಯಾರ್ಥಿಗಳು ತಾವಾಗಿಯೇ ಬಂದು ಜೊತೆಗೆ ನಿಂತರು. ಅವರಲ್ಲೊಬ್ಬನದು ವಾರ್ಡ್‌ನ ಭಾಷೆಯೇ.