ಸಹಸ್ರಲಿಂಗ, ಆಮೇಲೆ ತಂಬ್ಳಿ

ದೂರದ ತಿರುಗಾಟ ಯಾಕೆ? ಶಿರಸಿಯಿಂದ ಸುಮಾರು 17 ಕಿ.ಮೀ. ಹೋದರೆ ಸಹಸ್ರಲಿಂಗ, ನದಿಯ ಬಂಡೆಗಳಲ್ಲಿ ಲಿಂಗಗಳನ್ನು ಕೆತ್ತಿರುವ ತಾಣ. ಮಳೆಗಾಲದಲ್ಲಿ ಶಾಲ್ಮಲಾ ನದಿ ತುಂಬಿ ಲಿಂಗಗಳು ಮುಳುಗಿರುತ್ತವೆ; ನೀರಿಳಿದ ಮೇಲೆ, ಬೆಳಿಗ್ಗೆ ಬೇಗ ಹೋಗಿ. ಪಾಚಿಗಟ್ಟಿದ ಬಂಡೆ ಮೇಲೆ ಮಾತ್ರ ಕಾಲಿಡಬೇಡಿ.

ಹಿತ್ತಲ ಸೊಪ್ಪು ಗುರುತಿಸೋದು ಕಲಿಯೋಕೂ ಬಿಡುವಿನ ದಿನವೇ ಸರಿ. ಒಂದೆಲಗದಿಂದ ಶುರು ಮಾಡಿ. ಅದರ ತಂಬ್ಳಿ, ಅಂದರೆ ಬೀಸಿದ ಸೊಪ್ಪನ್ನು ಮಜ್ಜಿಗೆಗೆ ಕಲಸಿ ಮಾಡುವ ಅಡುಗೆ, ಹೀಗೆ ಮಾಡಿ. ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ತುಪ್ಪದಲ್ಲಿ ಹುರಿದು, ಒಂದು ಮುಷ್ಟಿ ಸೊಪ್ಪನ್ನು ಅದೇ ಬಿಸಿಯಲ್ಲಿ ಬಾಡಿಸಿ. ಹೆಚ್ಚು ಹುರಿದರೆ ಬಣ್ಣವೂ ಹೋಯ್ತು, ಘಮವೂ ಹೋಯ್ತು. ಆರಿದ ಮೇಲೆ 3 ಚಮಚ ಕಾಯಿತುರಿ ಜೊತೆ ನುಣ್ಣಗೆ ಬೀಸಿ, 2 ಲೋಟ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಮಜ್ಜಿಗೆ ಹುಳಿಯಾಗಿದ್ದರೆ ಸೊಪ್ಪಿನ ರುಚಿಯೇ ಸಿಗದು. ಕುದಿಸಿದರಂತೂ ಒಡೆದೇ ಹೋಗುತ್ತದೆ. ಸಾಸಿವೆ, ಒಣಮೆಣಸಿನ ಒಗ್ಗರಣೆ ಸಾಕು.