ಕವಾರ್ಲೊ

"ಕವಾರ್ಲೊ" ಅಂತ ಮಗಳು ಓದಿದಳು.

ನಮ್ಮಮ್ಮ ಹಪ್ಪಳ ಒತ್ತುವುದು ನಿಲ್ಲಿಸಿ ತಲೆ ಎತ್ತಿದರು. "ಅದ್ಯಾವ ಊರೇ?"

"ಊರಲ್ಲ ಅಜ್ಜಿ. ಪುಸ್ತಕದ ಹೆಸರು."

ಹಲಸಿನಕಾಯಿ ಹಿಟ್ಟಿನ ಉಂಡೆ ಕಟ್ಟುತ್ತಾ ಪಕ್ಕದಲ್ಲೇ ಕೂತಿದ್ದ ನನಗೆ ಮೊದಲು ನಗು ಬಂತು, ಹಿಂದೆಯೇ ಬೇಜಾರೂ ಆಯಿತು. ರಜೆ ಮುಗಿದರೆ ಆರನೇ ಕ್ಲಾಸಿಗೆ ಹೋಗುವ ಹುಡುಗಿ. ಇಂಗ್ಲಿಷಿನ ಮುನ್ನೂರು ಪುಟದ ಪುಸ್ತಕವನ್ನು ಎರಡು ದಿನದಲ್ಲಿ ಮುಗಿಸಿ ಬಿಸಾಕುತ್ತಾಳೆ. ಕನ್ನಡದಲ್ಲಿ ಮುಖಪುಟವೇ ದಾಟಲಿಲ್ಲ.

ಅವಳದ್ದೇನು ತಪ್ಪು, ಎಲ್ಲಾ ಅರ್ಕಾವತ್ತಿನದ್ದು. ಬಾಯಲ್ಲಿ 'ರ್' ಮೊದಲು ಬರುತ್ತದೆ, ಬರೆಯುವಾಗ ಅದು ಮುಂದಿನ ಅಕ್ಷರದ ಬೆನ್ನಿಗೆ ಹೋಗಿ ಕೂರುತ್ತದೆ. ದಿನಾ ಕನ್ನಡ ಓದುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ವಾರಕ್ಕೆ ಒಂದೆರಡು ಪೀರಿಯಡ್ ಕನ್ನಡ ಕಲಿಯುವ ಮಗು ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದಿಕೊಂಡು ಹೋಗುತ್ತದೆ. ವರ್ಷ 'ವಷರ್' ಆಗುತ್ತದೆ, ಅರ್ಥ 'ಅಥರ್' ಆಗುತ್ತದೆ. ಕರ್ವಾಲೊ ಕವಾರ್ಲೊ.

ಆ ಪುಸ್ತಕ ಅವಳ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯ ಕತೆಯನ್ನೂ ಹೇಳಿಬಿಡುತ್ತೇನೆ.

ಐದನೇ ಕ್ಲಾಸಿನ ಕೊನೆಯ ದಿನ ಶಾಲೆಯಿಂದ ಒಂದು ಹಾಳೆ ಬಂತು. ಮಿಡ್ಲ್ ಸ್ಕೂಲಿಗೆ ಹೋಗುವವರು ಬೇಸಿಗೆಯಲ್ಲಿ ಓದಬೇಕಾದ ಹತ್ತು ಇಂಗ್ಲಿಷ್ ಪುಸ್ತಕಗಳ ಹೆಸರು. ಪ್ರತಿಯೊಂದಕ್ಕೂ ಒಂದು ಪುಟದ ವರದಿ ಬರೆಯಬೇಕು. ಎಲ್ಲಕ್ಕಿಂತ ಕೊನೆಯಲ್ಲಿ, 'ಯಾವುದಾದರೂ ಒಂದು ಪ್ರಾದೇಶಿಕ ಭಾಷೆಯ ಪುಸ್ತಕ.' ಬೆಂಗಳೂರಲ್ಲಿ ಕೂತು ಕನ್ನಡಕ್ಕೆ ಹೆಸರಿಟ್ಟು ಕರೆಯುವುದಕ್ಕೂ ಆಗಲಿಲ್ಲವಾ ಅಂತ ನನಗೆ ಉರಿದುಹೋಯಿತು. ಆ ಸಿಟ್ಟಿನಲ್ಲೇ ಶನಿವಾರ ಗಾಂಧಿ ಬಜಾರಿಗೆ ಹೋಗಿ ಒಂಬತ್ತು ಕನ್ನಡ ಪುಸ್ತಕ ತಂದೆ. ಅವರು ಒಂದು ಕೇಳಿದರೆ ನಾವು ಒಂಬತ್ತು ಓದಿ ತೋರಿಸೋಣ ಅನ್ನುವ ಹಟ. ಓದಬೇಕಾದವಳು ನಾನಲ್ಲ ಅನ್ನುವುದು ಆಗ ನೆನಪಾಗಲಿಲ್ಲ.

ಚಿತ್ರ ಜಾಸ್ತಿ, ಅಕ್ಷರ ದೊಡ್ಡದು ಇರುವ ಪುಸ್ತಕಗಳನ್ನು ಅವಳು ಸರಾಗವಾಗಿ ಓದಿದಳು. ಆದರೆ ಮೂರನೆಯದಕ್ಕೇ ಮುಖ ಸಿಂಡರಿಸಿದಳು. "ಇದೆಲ್ಲ ಪಾಪುಗಳದ್ದು. ಮೊಲ ಕ್ಯಾರೆಟ್ ಹುಡುಕಿದ್ರೆ ನಂಗೇನು?" ಸರಿ, ದೊಡ್ಡವರದ್ದು ಅಂತ ತೊತ್ತೋಚಾನ್ ಕೊಟ್ಟೆ. ಅದನ್ನು ಇಂಗ್ಲಿಷಿನಲ್ಲಿ ಮೊದಲೇ ಓದಿದ್ದಳು. ರೈಲು ಡಬ್ಬಿಯಲ್ಲಿ ಕ್ಲಾಸು ನಡೆಯುವುದು, ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದು, ಬೆಟ್ಟದ್ದೊಂದು ತಿನಿಸು ಇರಲೇಬೇಕು ಅನ್ನುವುದು, ಎಲ್ಲಾ ಗೊತ್ತು. ಗೊತ್ತಿದ್ದುದರಿಂದಲೇ ಒಂದಿಪ್ಪತ್ತು ಪುಟ ಓಡಿತು. ಆಮೇಲೆ ನಿಂತಿತು. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೂಡ ತಂದಿದ್ದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಪುಸ್ತಕ. ಬರೆದವರು ನಮ್ಮ ಸಾಗರದವರೇ ಅಂತ ಅಭಿಮಾನದಿಂದ ಹೇಳಿದೆ. ಅವಳು ಪುಟ ಎಣಿಸಿದಳು.

ಸಮಸ್ಯೆ ಅಲ್ಲೇ ಇತ್ತು, ನಾನು ನೋಡಲಿಲ್ಲ. ಅವಳ ತಲೆಗೆ ಹನ್ನೊಂದು ವರ್ಷ. ಅವಳ ಕನ್ನಡ ಓದಿಗೆ ಏಳು ವರ್ಷ. ತಲೆಗೆ ಹಿಡಿಸುವ ಪುಸ್ತಕವನ್ನು ಕಣ್ಣು ಓದಲಾರದು, ಕಣ್ಣಿಗೆ ಹಿಡಿಸುವುದು ತಲೆಗೆ ಬೇಡ. '8ರಿಂದ 12 ವರ್ಷದವರಿಗೆ' ಅಂತ ರಕ್ಷಾಪುಟದ ಮೇಲೆ ಹಾಕಿರುತ್ತಾರಲ್ಲ, ಅದು ತಲೆಯ ವಯಸ್ಸೋ ಕಣ್ಣಿನ ವಯಸ್ಸೋ ಅಂತ ಯಾರೂ ಹೇಳುವುದಿಲ್ಲ.

ನಾನು ಮಾಡಿದ್ದೇನು ಗೊತ್ತಾ? ಮೊಬೈಲಿನಲ್ಲಿ ಟೈಮರ್ ಇಟ್ಟೆ. ದಿನಕ್ಕೆ ಇಪ್ಪತ್ತು ನಿಮಿಷ ಕನ್ನಡ. ನಾಲ್ಕನೇ ದಿನ ಅವಳು ಪುಸ್ತಕ ಹಿಡಿದುಕೊಂಡು ಟೈಮರನ್ನೇ ಓದುತ್ತಿದ್ದಳು. ಐದನೇ ದಿನ ಬಾತ್‌ರೂಮಿಗೆ ಹೋದವಳು ಇಪ್ಪತ್ತು ನಿಮಿಷ ಹೊರಗೆ ಬರಲಿಲ್ಲ.

ಮೇ ಮೊದಲ ವಾರ ಊರಿಗೆ ಬಂದೆವು. ಸಾಗರದಿಂದ ಮುಂದೆ, ಬಸ್ ಇಳಿದು ಒಂದೂವರೆ ಕಿಲೋಮೀಟರ್ ನಡೆಯಬೇಕು. ಒಂಬತ್ತು ಪುಸ್ತಕಗಳೂ ಚೀಲದಲ್ಲೇ ಬಂದವು, ಚೀಲದಲ್ಲೇ ಉಳಿದವು. ಇಲ್ಲಿ ಹಪ್ಪಳದ ಕಾಲ. ಬಲಿತ ಹಲಸಿನಕಾಯಿ ತೊಳೆ ಬಿಡಿಸಬೇಕು, ಹಬೆಯಲ್ಲಿ ಬೇಯಿಸಬೇಕು, ಉಪ್ಪು ಖಾರ ಹಾಕಿ ರುಬ್ಬಬೇಕು, ಉಂಡೆ ಕಟ್ಟಿ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಮಕ್ಕಳಿಗೆ ಇರುವುದು ಎರಡೇ ಕೆಲಸ. ಹಸಿ ಹಿಟ್ಟು ಕದ್ದು ತಿನ್ನುವುದು, ಅಂಗಳದ ಚಾಪೆಗೆ ಕೋಳಿ ಬರದ ಹಾಗೆ ಕಾಯುವುದು.

ಅವಳು ಕೋಳಿ ಕಾಯುತ್ತಿದ್ದಳು. ಪ್ಲಾಸ್ಟಿಕ್ ಹಾಳೆಗಳು ಹಾರಿ ಹೋಗದ ಹಾಗೆ ಅಮ್ಮ ಕೈಗೆ ಸಿಕ್ಕಿದ ಪುಸ್ತಕವೊಂದನ್ನು ಮೇಲೆ ಹೇರಿದ್ದರು. ನಾನು ಕಾಲೇಜಿನಲ್ಲಿದ್ದಾಗ ಕೊಂಡ, ಬೆನ್ನು ಬಿಟ್ಟ, ಈಗ ಮೂಲೆಗೆ ಎಣ್ಣೆಯೂ ಹತ್ತಿದ ತೇಜಸ್ವಿಯವರ ಕಾದಂಬರಿ. ಹೀಗೆ ಬಂತು ಕವಾರ್ಲೊ.

"ಅದು ನಿಂಗಲ್ಲ ಪುಟ್ಟಿ, ದೊಡ್ಡೋರದ್ದು" ಅಂದುಬಿಟ್ಟೆ. ಅಷ್ಟು ಸಾಕಾಯಿತು.

ಮನಸ್ಸಿನಲ್ಲೇ ಓದಲು ಅಜ್ಜಿ ಬಿಡಲಿಲ್ಲ. "ಕೈ ಮಾತ್ರ ಕೆಲಸ ಮಾಡ್ತಾ ಇದೆ, ಕಿವಿ ಖಾಲಿ ಇದೆ. ಗಟ್ಟಿಯಾಗಿ ಓದು ಮಾರಾಯ್ತಿ." ಮೂಡಿಗೆರೆಯ ಜೇನು ಸೊಸೈಟಿಯಿಂದ ಕತೆ ಶುರುವಾಯಿತು. ಒಂದೊಂದು ಒತ್ತಕ್ಷರಕ್ಕೂ ಬ್ರೇಕ್ ಹಾಕಿಕೊಂಡು, ಎಡವಿ, ಹಿಂದೆ ಹೋಗಿ, ಮತ್ತೆ ಮುಂದೆ ಬಂದು. ನನಗೆ ಬಾಯಿ ತುರಿಸುತ್ತಿತ್ತು, ತಿದ್ದೋಣ ಅಂತ. ಅಮ್ಮ ಕಣ್ಣಲ್ಲೇ ಗದರಿಸಿದರು. ಅಮ್ಮನಿಗೆ ಅವಸರ ಇರಲಿಲ್ಲ. ಮೊದಲ ಪುಟ ಮುಗಿಯುವಷ್ಟರಲ್ಲಿ ಹದಿನೆಂಟು ಹಪ್ಪಳ ಆಗಿತ್ತು. "ಲಾಯ್ಕ್ ಆಯ್ತು, ಇನ್ನೊಂದು ಪುಟ" ಅಂದರು. ಅವಳು ಸುಸ್ತಾದಾಗ ನಾನು ಕೈ ತೊಳೆದು ಬಂದು ಎರಡು ಪುಟ ಓದುತ್ತಿದ್ದೆ, ಮತ್ತೆ ಅವಳಿಗೆ ಕೊಡುತ್ತಿದ್ದೆ. ನಾಲ್ಕನೇ ದಿನಕ್ಕೆ ಪುಟಕ್ಕೆ ಹನ್ನೊಂದೇ ಹಪ್ಪಳ ಆಗುತ್ತಿತ್ತು. ಲೆಕ್ಕ ಇಟ್ಟವಳು ಅವಳೇ.

ಅರ್ಥವಾಗದ್ದು ಬೇಕಾದಷ್ಟಿತ್ತು. ಮಂದಣ್ಣನ ಮದುವೆಯ ಗಲಾಟೆಯಲ್ಲಿ ಅರ್ಧ ಅವಳಿಗೆ ಹತ್ತಲಿಲ್ಲ, ಅಜ್ಜಿ ಎಲ್ಲಿ ನಕ್ಕರೋ ಅಲ್ಲಿ ಅವಳೂ ನಕ್ಕಳು. ಆದರೆ ಕಿವಿ ಅನ್ನುವ ನಾಯಿ ಬಂದ ಕೂಡಲೇ ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಹಾರುವ ಓತಿ ಬಂತು. ವಿಜ್ಞಾನಿಯೊಬ್ಬ ಅದಕ್ಕಾಗಿ ಹಳ್ಳಿಗರನ್ನು ಕಟ್ಟಿಕೊಂಡು ಕಾಡು ಹೊಕ್ಕುವುದನ್ನು ಅವಳು ಉಸಿರು ಬಿಗಿಹಿಡಿದು ಓದುತ್ತಿದ್ದಾಗ ಅಮ್ಮ ಸಾವಕಾಶವಾಗಿ ಕೇಳಿದರು.

"ಯಾವುದು? ಅಡಿಕೆ ಮರದಿಂದ ಅಡಿಕೆ ಮರಕ್ಕೆ ಹಾರ್ತದಲ್ಲ, ಅದಾ? ನಮ್ಮ ತೋಟದಲ್ಲೇ ಇದೆ."

ಮಗಳು ಪುಸ್ತಕ ಕೆಳಗಿಟ್ಟಳು. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಹಾಗಾದ್ರೆ ಇಷ್ಟು ದೊಡ್ಡ ಪುಸ್ತಕ ಯಾಕೆ ಬರೆದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಕಾದಂಬರಿಯನ್ನು ಎರಡು ಸಲ ಓದಿದ್ದೇನೆ. ಹುಟ್ಟಿ ಬೆಳೆದದ್ದು ಇದೇ ತೋಟದಲ್ಲಿ. ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ದೋಸೆ ತಿಂದು ತೋಟಕ್ಕಿಳಿದೆವು. ಪಕ್ಕದ ಮನೆಯ ಹುಡುಗನೂ ಬಂದ. ಅವನೂ ಆರನೇ ಕ್ಲಾಸಿಗೇ, ಆದರೆ ಅವನಿಗೆ ಮಿಡ್ಲ್ ಸ್ಕೂಲ್ ಅಂದರೆ ಅದೇ ಸರ್ಕಾರಿ ಶಾಲೆ, ಪಕ್ಕದ ರೂಮು. ಬೇಸಿಗೆಗೆ ಪಟ್ಟಿ ಗಿಟ್ಟಿ ಇಲ್ಲ. ಪಂಚಾಯಿತಿ ಲೈಬ್ರರಿಗೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಮೆಂಬರ್ ಆಗಿದ್ದಾನೆ. 2020ರಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದಾಗಿನಿಂದ ಹಳ್ಳಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕನ್ನಡವನ್ನು ನೀರು ಕುಡಿದ ಹಾಗೆ ಓದುತ್ತಾನೆ. ಇವಳ ಇಂಗ್ಲಿಷ್ ಪುಸ್ತಕ ತಿರುವಿ ನೋಡಿ, "ಇದನ್ನ ನೀನು ಒಬ್ಳೇ ಓದ್ತೀಯಾ?" ಅಂತ ಕಣ್ಣರಳಿಸಿದ್ದ.

ಒಂದು ಗಂಟೆ ಏನೂ ಇಲ್ಲ. ನನ್ನ ಕುತ್ತಿಗೆ ನೋಯತೊಡಗಿತು, ಕಾಲಿಗೆ ಉಂಬಳ ಹತ್ತಿದೆಯಾ ಅಂತ ಬಗ್ಗಿ ನೋಡಿದೆ. ಸರಿಯಾಗಿ ಆಗಲೇ ಹುಡುಗ ಕೈ ತೋರಿಸಿದ. "ಅಲ್ಲಿ, ಅಲ್ಲಿ! ಹಳದಿ ನಾಲಿಗೆ!" ಮಗಳು ಕಿರುಚಿದಳು. ನಾನು ತಲೆ ಎತ್ತುವಷ್ಟರಲ್ಲಿ ತರಗೆಲೆಯಂಥದ್ದೊಂದು ಎರಡು ಮರ ದಾಟಿ ಆಚೆಯ ಕಾಂಡಕ್ಕೆ ಅಂಟಿಕೊಂಡಿತು. ಅಂಟಿದ ಮೇಲೆ ತೊಗಟೆ ಯಾವುದು, ಓತಿ ಯಾವುದು ತಿಳಿಯಲಿಲ್ಲ.

"ಅದು ನಾಲಿಗೆ ಅಲ್ಲ ಕಣೋ, ಗಂಟಲ ಚರ್ಮ" ಅಂತ ಇವಳು ಅವನಿಗೆ ಪಾಠ ಮಾಡುತ್ತಿದ್ದಳು. ರೆಕ್ಕೆಯೂ ರೆಕ್ಕೆಯಲ್ಲ, ಪಕ್ಕೆಲುಬಿನ ಮೇಲೆ ಹರಡಿದ ಚರ್ಮ ಅಂತಲೂ ಸೇರಿಸಿದಳು. ರಾತ್ರಿ ನನ್ನ ಫೋನು ಎಲ್ಲಿ ಮಾಯವಾಗಿತ್ತು ಅಂತ ಆಗ ಗೊತ್ತಾಯಿತು. ನಾನು ಮಾತ್ರ ಆ ಹಳದಿಯನ್ನು ಇವತ್ತಿಗೂ ನೋಡಿಲ್ಲ.

ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ಶಾಲೆಯ ಹಾಳೆ ತುಂಬಿಸಿದಳು. ಪುಸ್ತಕದ ಹೆಸರನ್ನು ಕನ್ನಡದಲ್ಲೇ ಬರೆದಳು. ಕ ಬರೆದು, ವಾ ಬರೆದು, ಒಂದು ಕ್ಷಣ ನಿಂತು, ಹಿಂದೆ ಅರ್ಕಾವತ್ತು ಸುತ್ತಿ, ಲೊ ಬರೆದಳು. ಮುಖ್ಯ ಪಾತ್ರ ಅನ್ನುವ ಕಡೆ 'ಕಿವಿ' ಅಂತ ಹಾಕಿದಳು. ನಾನು ಸುಮ್ನಿದ್ದೆ.

ಕೊನೆಯ ಕಾಲಂ, ಕತೆಯ ನೀತಿ.

"ಅಜ್ಜಿ, ಇದಕ್ಕೆ ಏನು ಬರೀಲಿ?"

ಅಮ್ಮ ಒಣಗಿದ ಹಪ್ಪಳಗಳನ್ನು ಇಪ್ಪತ್ತೈದರಂತೆ ಎಣಿಸಿ ಬಾಳೆನಾರಿನಿಂದ ಕಟ್ಟುತ್ತಿದ್ದರು. "ಎಣಿಸೋವಾಗ ಮಾತಾಡಿಸಬೇಡ" ಅಂದರು.